ಓಝಾರ್ಕ್ ಕಾಡಿನಲ್ಲಿ ಟರ್ಕಿ ಕೋಳಿಗಾಗಿ ಕಾದ ಬೆಳಗು

ಅಮೇರಿಕಾದ ಮಿಸ್ಸೌರಿ ರಾಜ್ಯದ ದಕ್ಷಿಣ ಭಾಗದಲ್ಲಿ ಓಝಾರ್ಕ್ ಎಂಬ ಬೆಟ್ಟಸಾಲಿದೆ. ನಮ್ಮ ಪಶ್ಚಿಮ ಘಟ್ಟದ ಎತ್ತರವೂ ಇದಕ್ಕಿಲ್ಲ, ಮಳೆಯೂ ಇಲ್ಲ. ಓಕ್, ಹಿಕರಿ, ಪೈನ್ ಮರಗಳ ಕಾಡು. ಸುಣ್ಣಕಲ್ಲಿನ ನೆಲದಿಂದ ಅಲ್ಲಲ್ಲಿ ಉಕ್ಕುವ ತಣ್ಣನೆಯ ಬುಗ್ಗೆಗಳು. ಏಪ್ರಿಲ್‌ನಲ್ಲಿ ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟಾಗ ಇಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಯ ಋತು ಆರಂಭವಾಗುತ್ತದೆ.

ಈ ಕೋಳಿಯ ಹೆಸರೇ ಒಂದು ಕಥೆ. ಇದರ ಮೂಲ ಅಮೇರಿಕಾ ಖಂಡ. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರು. ಟರ್ಕಿಯವರೋ ಅದನ್ನು ‘ಹಿಂದಿ’, ಅಂದರೆ ಹಿಂದೂಸ್ತಾನದ್ದು ಎನ್ನುತ್ತಾರೆ! ನಮ್ಮ ದೇಶಕ್ಕೆ ಇದು ಬಂದದ್ದು ಹಡಗಿನಲ್ಲಿ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ಒಯ್ದ ಅಪರೂಪದ ಪ್ರಾಣಿಪಕ್ಷಿಗಳಲ್ಲಿ ಟರ್ಕಿಯೂ ಇತ್ತು. ಬಾದಶಹ ಜಹಾಂಗೀರ್ ಅದರ ತಲೆ ಮತ್ತು ಕುತ್ತಿಗೆ ಬಣ್ಣ ಬದಲಿಸುವುದನ್ನು ಕಂಡು ಬೆರಗಾಗಿ ತನ್ನ ಆತ್ಮಕಥೆಯಲ್ಲಿ ಬರೆದ. ಉಸ್ತಾದ್ ಮನ್ಸೂರ್ ಬಿಡಿಸಿದ ಅದರ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್‌ನಲ್ಲಿದೆ.

ತವರಿನಲ್ಲಿ ಮಾತ್ರ ಈ ಹಕ್ಕಿ ಅಳಿವಿನ ಅಂಚಿಗೆ ಬಂದಿತ್ತು. ಕಾಡು ಕಡಿದರು, ವರ್ಷವಿಡೀ ಲೆಕ್ಕವಿಲ್ಲದೆ ಕೊಂದರು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಎಷ್ಟೋ ರಾಜ್ಯಗಳಲ್ಲಿ ಒಂದೂ ಉಳಿದಿರಲಿಲ್ಲ. ಸಾಕಿ ಬೆಳೆಸಿದ ಕೋಳಿಗಳನ್ನು ಕಾಡಿಗೆ ಬಿಟ್ಟು ನೋಡಿದರು; ಅವು ಬದುಕಲಿಲ್ಲ. ಕೊನೆಗೆ ಕೈ ಹಿಡಿದದ್ದು ಕಾಡಿನ ಕೋಳಿಗಳನ್ನೇ ಬಲೆ ಹಾರಿಸಿ ಹಿಡಿದು ಬೇರೆ ಕಾಡಿಗೆ ಬಿಡುವ ಉಪಾಯ. ಮಿಸ್ಸೌರಿಯಲ್ಲಿ ಈ ಕೆಲಸ 1954ರಲ್ಲಿ ಆರಂಭವಾಯಿತು. 1960ರಲ್ಲಿ ಮೂರೇ ದಿನ ಬೇಟೆಗೆ ಅನುಮತಿ ಕೊಟ್ಟಾಗ ಸಿಕ್ಕಿದ್ದು 94 ಹಕ್ಕಿಗಳು. ಬೇಟೆಗಾರರು ಕೊಳ್ಳುವ ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಖರ್ಚು ಮಾಡಬೇಕೆಂಬ ಕಾನೂನು ಅಲ್ಲಿ 1937ರಿಂದ ಇದೆ. ಕೊಲ್ಲುವವರ ಹಣದಿಂದಲೇ ಕಾಪಾಡುವುದು ನಮಗೆ ವಿಚಿತ್ರವೆನಿಸಬಹುದು.

ನನಗೂ ಹಾಗೇ ಅನಿಸಿತ್ತು. ಅಲ್ಲೇ ಹುಟ್ಟಿ ಬೆಳೆದ ನನ್ನ ಅಣ್ಣನ ಮಗಳು ಬೇಟೆ ಕಲಿಯಲು ಹೊರಟಾಗ, “ಅಂಗಡಿಯಲ್ಲಿ ಕೋಳಿ ಸಿಗುವುದಿಲ್ಲವೇ?” ಎಂದು ಕೇಳಿದೆ. “ಅಂಗಡಿಯ ಕೋಳಿಯನ್ನೂ ಯಾರೋ ಕೊಂದಿರುತ್ತಾರಲ್ಲ ಫುಪ್ಪು, ನಾವು ನೋಡಿರುವುದಿಲ್ಲ ಅಷ್ಟೆ” ಎಂದಳು. ಸುರಕ್ಷತೆಯ ತರಗತಿ ಮುಗಿಸಿ, ಪರವಾನಗಿ ಪಡೆದಿದ್ದಳು. ಕಲಿಸಲು ನೆರೆಮನೆಯ ಹಿರಿಯರೊಬ್ಬರು ಒಪ್ಪಿದ್ದರು. ಕಾಡಿಗೆ ತಾಗಿದ ಜಮೀನು ಅವರದೇ.

ಟರ್ಕಿಗೆ ರಾತ್ರಿ ಕಣ್ಣು ಮಂದ. ಅದಕ್ಕೆ ಸೂರ್ಯ ಮುಳುಗುವ ಹೊತ್ತಿಗೆ ಎತ್ತರದ ಮರವೇರಿ ತಂಗುತ್ತದೆ, ಬೆಳಕು ಹರಿದಾಗ ಇಳಿಯುತ್ತದೆ. ಬೇಟೆಯ ಪಾಠ ಶುರುವಾಗುವುದು ಹಿಂದಿನ ಸಂಜೆಯೇ. ದೂರ ನಿಂತು ಕಿವಿಗೊಡಬೇಕು. ಮಗ್ರಿಬ್‌ನ ಹೊತ್ತಿಗೆ ದಪ್ಪ ರೆಕ್ಕೆಗಳ ಬಡಿತ, ರೆಂಬೆ ಮುರಿದ ಸದ್ದು ಕೇಳಿತು. ಹಿರಿಯರು ಆ ದಿಕ್ಕನ್ನು ಗುರುತಿಟ್ಟುಕೊಂಡು ನಮ್ಮನ್ನು ಸದ್ದಿಲ್ಲದೆ ಹಿಂದಕ್ಕೆ ಕರೆತಂದರು. ತಂಗುವ ಮರದಡಿ ಹೋಗಿ ಹಕ್ಕಿಯನ್ನು ಬೆದರಿಸಿದರೆ ಅದು ಆ ಜಾಗವನ್ನೇ ಬಿಡಬಹುದು. ಮರದ ಮೇಲೆ ಕುಳಿತದ್ದಕ್ಕೆ ಗುಂಡು ಹಾರಿಸುವುದನ್ನು ಒಳ್ಳೆಯ ಬೇಟೆಗಾರರು ಹೇಡಿತನವೆನ್ನುತ್ತಾರೆ.

ಮರುದಿನ ಕತ್ತಲಲ್ಲೇ ಫಜ್ರ್ ನಮಾಝ್ ಮುಗಿಸಿ ಹೊರಟೆವು. ಮರದಿಂದ ನೂರಿಪ್ಪತ್ತು ಹೆಜ್ಜೆ ದೂರದಲ್ಲಿ, ಭುಜಕ್ಕಿಂತ ಅಗಲವಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಅವಳು ಕುಳಿತಳು. ಬೆನ್ನಿಗೆ ಮರವಿದ್ದರೆ ಹಿಂದಿನಿಂದ ಬೇರೊಬ್ಬ ಬೇಟೆಗಾರನ ಗುಂಡು ತಗಲದು. ಕೆಂಪು, ಬಿಳಿ, ನೀಲಿ ಬಟ್ಟೆ ಕೂಡದು. ಗಂಡು ಟರ್ಕಿಯ ತಲೆಯ ಬಣ್ಣಗಳು ಅವೇ. ಹೆಣ್ಣಿನ ಕೂಗು ಕೂಗುತ್ತಾ ಅಡಗಿ ಕುಳಿತವರನ್ನೇ ಹಕ್ಕಿಯೆಂದು ಭಾವಿಸಿ ಗುಂಡು ಹಾರಿಸಿದ ದುರಂತಗಳು ನಡೆದಿವೆ. ನಾನು ಅವರಿಬ್ಬರ ಹಿಂದೆ, ಇನ್ನೊಂದು ಮರದ ಬುಡದಲ್ಲಿ ಕುಳಿತೆ.

ಎಲ್ಲೋ ಗೂಬೆ ಕೂಗಿತು. ತಕ್ಷಣ ಮರದ ಮೇಲಿನಿಂದ ಗುಳುಗುಳು ಗರ್ಜನೆ! ಎದೆ ನಡುಗಿತು. ಹಿರಿಯರು ಅಂಗೈಯಗಲದ ಸ್ಲೇಟಿನ ಬಿಲ್ಲೆಯ ಮೇಲೆ ಕಡ್ಡಿ ಗೀರಿದರು. ಶಾಲೆಯ ಸ್ಲೇಟಿನ ಆ ಕರ್ಕಶ ಸದ್ದೇ ಇಲ್ಲಿ ಹೆಣ್ಣು ಟರ್ಕಿಯ ದನಿಯಾಗುತ್ತದೆ. ಎರಡು ಮೂರು ಸಲ ಮೆಲ್ಲಗೆ ಗೀರಿ ಸುಮ್ಮನಾದರು. ಹೆಚ್ಚು ಕರೆದರೆ ಗಂಡು ಮರದಲ್ಲೇ ಕುಳಿತು ಹೆಣ್ಣು ಬರಲೆಂದು ಕಾಯುತ್ತದೆ. ಅವುಗಳ ರೂಢಿಯಲ್ಲಿ ಹೆಣ್ಣೇ ಗಂಡಿನ ಬಳಿಗೆ ಹೋಗುವುದು. ಬೇಟೆಗಾರ ಅದನ್ನು ತಿರುವುಮುರುವು ಮಾಡಬೇಕು.

ಈ ಹಕ್ಕಿಯ ಹಗಲುಗಣ್ಣು ಬಹಳ ಚುರುಕು. ಸೊಳ್ಳೆ ಕಚ್ಚಿದರೂ ಕೈ ಎತ್ತುವಂತಿಲ್ಲ. ಬೆಳಕು ಹರಿಯಿತು. ಒಂದು, ಎರಡು, ಮೂರು ಹೆಣ್ಣುಗಳು ಇಳಿದವು. ಹಿಂದೆಯೇ ಗಂಡು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಎಳೆಯುತ್ತಾ ನಡೆಯಿತು. ಎದೆಯಿಂದ ಕುದುರೆ ಕೂದಲಿನಂತಹ ಗಡ್ಡ ನೇತಾಡುತ್ತಿತ್ತು. ವಸಂತದ ಋತುವಿನಲ್ಲಿ ಗಂಡು ಹಕ್ಕಿಯನ್ನು ಅಥವಾ ಇಂತಹ ಗಡ್ಡವಿರುವ ಹಕ್ಕಿಯನ್ನಷ್ಟೇ ಹೊಡೆಯಲು ಅನುಮತಿ.

ಬೇಟೆಗಾರ ಬಿಸ್ಮಿಲ್ಲಾಹ್ ಹೇಳಿಯೇ ಬೇಟೆಯಾಡಬೇಕು. ಗುಂಡಿನಿಂದಲೇ ಸತ್ತದ್ದನ್ನು ತಿನ್ನುವ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಜೀವ ಇರುವಾಗಲೇ ಝಬಹ್ ಮಾಡಿದರೆ ಆ ಪ್ರಶ್ನೆಯಿಲ್ಲ. ಅವಳ ಸೊಂಟದಲ್ಲಿ ಹರಿತವಾದ ಚೂರಿಯಿತ್ತು.

ಗಂಡು ಮೂವತ್ತು ಹೆಜ್ಜೆ ದೂರಕ್ಕೆ ಬಂತು. ಅವಳ ಬೆರಳು ಟ್ರಿಗರ್‌ನ ಹೊರಗೇ ಇತ್ತು. ಗಂಡಿನ ಕುತ್ತಿಗೆಯ ನೇರಕ್ಕೆ, ಹಿಂದೆಯೇ ಒಂದು ಹೆಣ್ಣು ಹುಲ್ಲು ಕೆದಕುತ್ತಿತ್ತು. ಚದುರುವ ಚರೆಗಳು ಅದಕ್ಕೂ ತಗಲುವಂತಿತ್ತು. ಅದು ಸರಿಯಲೆಂದು ಕಾದಳು. ಅದು ಸರಿಯಲಿಲ್ಲ. ಕೆಲವು ನಿಮಿಷಗಳಲ್ಲಿ ಹೆಣ್ಣುಗಳು ಇಳಿಜಾರಿನತ್ತ ನಡೆದವು, ಗಂಡೂ ಅವುಗಳ ಬೆನ್ನು ಹಿಡಿಯಿತು.

ಹಿರಿಯರು ಬೈಯಲಿಲ್ಲ. “ಆ ಹೆಣ್ಣು ಇನ್ನು ಕೆಲವೇ ದಿನಗಳಲ್ಲಿ ಹತ್ತು ಹನ್ನೆರಡು ಮೊಟ್ಟೆಗಳಿಗೆ ಕಾವು ಕೂರುತ್ತದೆ. ನೀನು ಸರಿಯಾಗಿಯೇ ಮಾಡಿದೆ” ಎಂದರು. ಇತ್ತೀಚಿನ ವರ್ಷಗಳಲ್ಲಿ ಮರಿಗಳು ಮತ್ತೆ ಕಡಿಮೆಯಾಗುತ್ತಿರುವುದು ಅವರ ಚಿಂತೆಯಾಗಿತ್ತು. ಬಂದೂಕಿನಿಂದ ತೋಟಾ ತೆಗೆದು ಜೇಬಿಗಿಳಿಸುವಾಗ ಅವಳ ಕೈ ಇನ್ನೂ ನಡುಗುತ್ತಿತ್ತು.

ಹಿಂದಿರುಗುವಾಗ ಒಣಗಿದ ಎಲೆಗಳ ನಡುವೆ ಮೊರೆಲ್ ಅಣಬೆಗಳು ಸಿಕ್ಕವು. ಅವನ್ನು ಬಲ್ಲ ಹಿರಿಯರೇ ಆರಿಸಿ ಕೊಟ್ಟರು. ಅಂದು ಮಧ್ಯಾಹ್ನ ಅತ್ತಿಗೆ ಅವನ್ನು ಈರುಳ್ಳಿ, ಕರಿಮೆಣಸು ಹಾಕಿ ಚೆನ್ನಾಗಿ ಬೇಯಿಸಿದರು. ಅವಳು ಅನ್ನದ ಜೊತೆ ಎರಡು ಸಲ ಬಡಿಸಿಕೊಂಡು ತಿಂದಳು. ಋತು ಮುಗಿಯಲು ಇನ್ನೂ ಒಂಬತ್ತು ದಿನಗಳಿದ್ದವು.