ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ



ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿಗೆ, ಶೆಟ್ಟಿಹಳ್ಳಿಯ ಬಳಿ ಸೂರಿಲ್ಲದ ಚರ್ಚೊಂದು ನಿಂತಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ನೀರು ಅದರ ಗೋಡೆಗಳನ್ನು ಸುತ್ತುವರಿದು ಏರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಳಕ್ಕೆ ನಡೆದು ಹೋಗಬಹುದು. ನಿಮ್ಮಲ್ಲಿ ಅನೇಕರು ಅದರ ಛಾಯಾಚಿತ್ರಗಳನ್ನು ನೋಡಿರುತ್ತೀರಿ. ಕೆಲವರು ಮದುವೆಗೆ ಮುಂಚಿನ ಚಿತ್ರಗಳನ್ನು ತೆಗೆಸಿಕೊಳ್ಳಲು ಅಲ್ಲಿಗೆ ಹೋಗಿಯೂ ಬಂದಿದ್ದೀರಿ. ‘ಮುಳುಗುವ ಚರ್ಚು’ ಎಂದು ಹೆಸರಾಗಿರುವ ಈ ಕಟ್ಟಡವು ಮುಳುಗುವುದಕ್ಕೆ ಮೊದಲು ಏನಾಗಿತ್ತು, ಯಾರದಾಗಿತ್ತು ಎಂಬುದನ್ನು ಹೇಳುವವರು ಮಾತ್ರ ಕಡಿಮೆ. ಇದನ್ನು ಬರೆಯಲು ತುಮಕೂರಿನ ನಿವಾಸಿಯಾದ ನನಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಹಾಸನ ಸೀಮೆಯ ಕಥೋಲಿಕ ಸಮುದಾಯದ ಚರಿತ್ರೆಯನ್ನು ಹೇಳಹೊರಟರೆ ಆಬೆ ದುಬ್ವಾ ಅವರನ್ನು ನೆನೆಯದೆ ಮುಂದುವರಿಯಲಾಗದು. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರಿಗಾಗಿ ಬೇಸಾಯದ ನೆಲೆಯನ್ನು ಏರ್ಪಡಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನೂ ಕೈಗೊಂಡರು. ಕಾವಿಯುಟ್ಟು, ಈ ನೆಲದ ಊಟ ಉಂಡು, ಜನರಿಂದ ‘ದೊಡ್ಡ ಸ್ವಾಮಿಯವರು’ ಎಂದು ಕರೆಸಿಕೊಂಡ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಶೆಟ್ಟಿಹಳ್ಳಿಯ ಚರ್ಚನ್ನು ಕಟ್ಟಿದವರು ದುಬ್ವಾ ಅಲ್ಲ. ಅವರು ಹೊರಟುಹೋದ ಸುಮಾರು ನಾಲ್ಕು ದಶಕಗಳ ನಂತರ, 1860ರ ದಶಕದಲ್ಲಿ, ಅದೇ ದೇಶದ ಪಾದ್ರಿಗಳು ಅದನ್ನು ಕಟ್ಟಿಸಿ ಜಪಮಾಲೆ ಮಾತೆಗೆ ಅರ್ಪಿಸಿದರು.

ಫ್ರಾನ್ಸಿನಿಂದ ಬಂದವರು ತಮ್ಮ ಊರಿನ ಶೈಲಿಯನ್ನೇ ತಂದದ್ದು ಸಹಜ. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಬಳಿಯ ಸೇಂತ್ ದೆನಿ ಮಠದ ಚರ್ಚಿನಲ್ಲಿ ಗೋಥಿಕ್ ಶೈಲಿ ರೂಪು ತಳೆಯಿತೆಂದು ಚರಿತ್ರಕಾರರು ಹೇಳುತ್ತಾರೆ. ಅದರ ಪೀಠಭಾಗ ಪ್ರತಿಷ್ಠೆಯಾದದ್ದು 1144ರಲ್ಲಿ. ಈ ಶೈಲಿಯ ಜೀವಾಳ ಮೊನೆಯುಳ್ಳ ಕಮಾನು. ಅರ್ಧವೃತ್ತದ ಕಮಾನು ಮೇಲಿನ ಭಾರವನ್ನು ಬಹುಮಟ್ಟಿಗೆ ಪಕ್ಕಕ್ಕೆ ತಳ್ಳುತ್ತದೆ. ಆದುದರಿಂದ ಗೋಡೆಗಳು ದಪ್ಪವಾಗಿರಬೇಕಾಗುತ್ತದೆ, ಕಿಟಕಿಗಳು ಕಿರಿದಾಗಬೇಕಾಗುತ್ತದೆ. ಎರಡು ಬಾಗುಗಳು ಮೇಲೆ ಮೊನೆಯಾಗಿ ಸೇರಿದರೆ ಭಾರದ ಹೆಚ್ಚಿನ ಪಾಲು ನೇರವಾಗಿ ಕೆಳಗಿಳಿಯುತ್ತದೆ. ಎರಡು ಅಂಗೈಗಳನ್ನು ಮುಗಿದು ನೋಡಿದರೆ ಆ ಕಮಾನಿನ ಆಕಾರ ಕಣ್ಣಿಗೆ ಕಟ್ಟುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ನೀವೆಲ್ಲರೂ ಕಂಡಿರುವುದು ಇದನ್ನೇ. ಆದರೆ ಅದರ ಅಡಿಗಲ್ಲು ಬಿದ್ದದ್ದು 1933ರಲ್ಲಿ, ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲೇ ರಾಗಿ ಹೊಲಗಳ ನಡುವಿನ ಹಳ್ಳಿಯೊಂದರಲ್ಲಿ ಅಂತಹ ಕಮಾನುಗಳು ಎದ್ದು ನಿಂತಿದ್ದವು ಎಂಬುದನ್ನು ಗಮನಿಸಬೇಕು.

ಶೈಲಿ ಫ್ರಾನ್ಸಿನದಾದರೂ ಮೈ ಈ ಮಣ್ಣಿನದು. ಗೋಡೆಗಳು ಇಟ್ಟಿಗೆಯವು, ಗಾರೆ ಸುಣ್ಣದ್ದು. ಆ ಗಾರೆಗೆ ಬೆಲ್ಲ ಮತ್ತು ಮೊಟ್ಟೆಯನ್ನು ಬೆರೆಸಿದ್ದರೆಂದು ಅಲ್ಲಿಯ ಜನ ಹೇಳುತ್ತಾರೆ. ನಮ್ಮ ಹಳೆಯ ಗಾರೆ ಕೆಲಸದವರಿಗೆ ಇದೇನೂ ಹೊಸ ಮಾತಲ್ಲ. ಸುಣ್ಣದ ಗಾರೆ ನಿಧಾನವಾಗಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅದು ಸಿಮೆಂಟಿನಷ್ಟು ಬಿರುಸಲ್ಲ; ತೇವವನ್ನು ಒಳಗೆ ಬಿಟ್ಟುಕೊಂಡು ಮತ್ತೆ ಹೊರಗೆ ಹಾಕುತ್ತದೆ. ದಶಕಗಳ ಕಾಲ ನೀರಿನಲ್ಲಿ ನೆಂದು, ಬಿಸಿಲಿನಲ್ಲಿ ಒಣಗಿಯೂ ಅಷ್ಟು ಗೋಡೆ ಉಳಿದಿರುವುದಕ್ಕೆ ಆ ಹೆಸರಿಲ್ಲದ ಗಾರೆಯವರ ಕೈಚಳಕವೇ ಮುಖ್ಯ ಕಾರಣವೆಂದು ನನ್ನ ಭಾವನೆ.

ಇನ್ನು ನೀರಿನ ವಿಷಯ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ನಮ್ಮ ಹಳ್ಳಿಗಾಡಿನ ಬದುಕನ್ನು ಕನ್ನಡಕ್ಕೆ ತಂದುಕೊಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಊರು ಅದು. ಜಲಾಶಯದ ಪೂರ್ಣಮಟ್ಟ 2,922 ಅಡಿ. ಸಾಮರ್ಥ್ಯ 37 ಟಿಎಂಸಿಗೂ ಸ್ವಲ್ಪ ಹೆಚ್ಚು. ಈ ನೀರಿನ ಹರವಿಗೆ ಅನೇಕ ಹಳ್ಳಿಗಳು ಸಿಕ್ಕಿದವು. ಗುಡಿ, ಬಾವಿ, ಹುಣಿಸೆತೋಪು, ಕಣ ಎಲ್ಲವೂ ಹೋದವು. ಶೆಟ್ಟಿಹಳ್ಳಿಯ ಜನ ಬೇರೆಡೆಗೆ ಹೋಗಿ ನೆಲೆಸಿದರು. ಹೆಂಚು, ಮರಮುಟ್ಟು ಇದ್ದ ಮನೆಗಳು ಅಳಿದುಹೋದವು. ಎತ್ತರದ ಇಟ್ಟಿಗೆ ಗೋಡೆಗಳಿದ್ದ ಚರ್ಚು ಮಾತ್ರ ಕಣ್ಣಿಗೆ ಕಾಣುವಂತೆ ಉಳಿಯಿತು. ಆದುದರಿಂದ ಅದು ಒಂದು ಚರ್ಚಿನ ಅವಶೇಷವಷ್ಟೇ ಅಲ್ಲ, ಗುರುತೇ ಇಲ್ಲದಂತೆ ಮುಳುಗಿದ ಎಲ್ಲ ಊರುಗಳ ಗುರುತು ಕಲ್ಲು.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಾರಿನಲ್ಲಿ ಅಲ್ಲಿಗೆ ಹೋಗಿದ್ದೆ. ಬಿರುಕು ಬಿಟ್ಟ ಕೆರೆಮಣ್ಣಿನ ಮೇಲೆ ದನಗಳು ಮೇಯುತ್ತಿದ್ದವು. ಒಳಗೆ ಹುಡುಗರ ಗುಂಪೊಂದು ಗೋಡೆ ಹತ್ತಿ ಚಿತ್ರ ತೆಗೆದುಕೊಳ್ಳುತ್ತಿತ್ತು. ದನ ಕಾಯುತ್ತಿದ್ದ ವೃದ್ಧರೊಬ್ಬರು ನಮ್ಮ ಬಳಿಗೆ ಬಂದರು. ನಾನು ಮೇಷ್ಟ್ರೆಂದು ತಿಳಿದ ಮೇಲೆ ಪೀಠವಿದ್ದ ಕಡೆಗೆ ಕೈ ತೋರಿಸಿ, “ನಮ್ಮವ್ವನ ಮದ್ವೆ ಆಗಿದ್ದು ಅಲ್ಲೇ ಸ್ವಾಮಿ. ನಂಗೆ ಹೆಸರಿಟ್ಟಿದ್ದೂ ಇಲ್ಲೇ. ಬಂದೋರೆಲ್ಲ ದೆವ್ವದ ಚರ್ಚಾ ಇದು ಅಂತ ಕೇಳ್ತಾರೆ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗೋಡೆಯ ಮೇಲಿದ್ದ ಹುಡುಗರಿಗೆ, “ಇಳೀರಪ್ಪಾ, ಇಟ್ಟಿಗೆ ಸಡ್ಲ ಆಗವೆ” ಎಂದು ಕೂಗಿ ಹೇಳಿ ದನಗಳ ಕಡೆಗೆ ನಡೆದರು.

ಆ ಮಾತನ್ನು ನಾನು ಅನೇಕ ಸಲ ಮೆಲುಕು ಹಾಕಿದ್ದೇನೆ. ಕನ್ನಡ ಕಥೋಲಿಕರು ‘ಧರ್ಮಕೇಂದ್ರ’ ಎಂದು ಕರೆಯುವುದು ಕಟ್ಟಡವನ್ನಲ್ಲ. 1983ರ ಅವರ ಧರ್ಮಸಭೆಯ ಕಾನೂನು ಸಂಹಿತೆಯೂ ಅದನ್ನು ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಿದ ಭಕ್ತರ ಸಮುದಾಯ ಎಂದೇ ವಿವರಿಸುತ್ತದೆ. ಜ್ಞಾನಸ್ನಾನ, ಮದುವೆ, ಮರಣ ಇವುಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡುವುದು ಅಲ್ಲಿ ಶತಮಾನಗಳಿಂದ ನಡೆದುಬಂದ ನಿಯಮ. ಚರಿತ್ರೆ ಬೋಧಿಸಿದ ನನ್ನಂಥವನಿಗೆ ಆ ಪುಸ್ತಕಗಳು ಕಮಾನುಗಳಿಗಿಂತ ಕಡಿಮೆಯವಲ್ಲ. ಅರಸರ ಹೆಸರು ಶಾಸನದಲ್ಲಿ ಉಳಿದರೆ, ರಾಗಿ ಬೆಳೆದವನ ಹೆಸರು ಉಳಿಯುವುದು ಇಂತಹ ಪುಸ್ತಕದಲ್ಲಿ. ಗೋಡೆಯನ್ನು ಬಿಟ್ಟುಹೋದ ಜನ ಬಲಿಪೂಜೆಯನ್ನೂ ಹೆಸರುಗಳನ್ನೂ ತಮ್ಮೊಡನೆ ಕೊಂಡೊಯ್ದರು. ಆದುದರಿಂದ ‘ಪಾಳುಬಿದ್ದ ಚರ್ಚು’ ಎಂಬ ಮಾತು ಕಟ್ಟಡದ ಮಟ್ಟಿಗೆ ಸರಿ, ಜನರ ಮಟ್ಟಿಗೆ ಸರಿಯಲ್ಲ.

ಈಗ ತುಮಕೂರಿನ ಮಾತು. ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಮ್ಮ ನಗರದ ನಲ್ಲಿಗಳಿಗೆ ಬರುತ್ತದೆ. ಬರಗಾಲದಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ದಿನಗಳನ್ನು ಬಲ್ಲ ನಾನು ಅಣೆಕಟ್ಟೇ ಬೇಡವಾಗಿತ್ತೆಂದು ಹೇಳಲಾರೆ. ಹಾಗೆ ಹೇಳಿದರೆ ಅದು ಸೋಗಾದೀತು. ಆದರೆ ನಾವು ಕುಡಿಯುವ ನೀರಿಗೆ ಯಾರೋ ಬೆಲೆ ತೆತ್ತಿದ್ದಾರೆ, ಮತ್ತು ಆ ಬೆಲೆ ತೆತ್ತವರ ತಾಯಂದಿರ ಮದುವೆಯ ಪೀಠ ಆ ನೀರಿನಡಿಯಲ್ಲಿದೆ ಎಂಬುದನ್ನು ತಿಳಿದು ಕುಡಿಯಬೇಕು. ಉಪಕಾರ ಪಡೆದವರು ಸ್ಮರಣೆಯನ್ನಾದರೂ ಉಳಿಸಬೇಕಲ್ಲವೇ?

ಗೋಡೆಗಳು ವರ್ಷದಿಂದ ವರ್ಷಕ್ಕೆ ಕುಸಿಯುತ್ತಿವೆ. ನೀರು ಗಾರೆಯ ಸುಣ್ಣವನ್ನು ಕರಗಿಸುತ್ತದೆ. ಬಿರುಕುಗಳಲ್ಲಿ ಬೇರೂರಿದ ಗಿಡಗಳು ಇಟ್ಟಿಗೆಗಳನ್ನು ಅಗಲಿಸುತ್ತವೆ. ಹತ್ತಿ ಇಳಿಯುವ ಕಾಲುಗಳು ಉಳಿದುದನ್ನು ಸಡಿಲಿಸುತ್ತವೆ. ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿ ಇನ್ನಷ್ಟು ಹಾನಿ. ಬಲ್ಲವರು ಸುಣ್ಣದ ಗಾರೆಯಿಂದಲೇ ಭದ್ರಪಡಿಸಬೇಕು. ಅದು ಆಗುವವರೆಗೆ ನಮ್ಮಿಂದ ಆಗುವುದು ಇಷ್ಟು: ಅಲ್ಲಿಗೆ ಹೋದವರು ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ನಿಮ್ಮಲ್ಲಿ ಆ ಕಡೆಯ ಮೂಲದವರಿದ್ದರೆ ಮನೆಯ ಹಿರಿಯರನ್ನು ಕೂರಿಸಿ, ಗಂಟೆ ಎಷ್ಟು ಹೊತ್ತಿಗೆ ಬಾರಿಸುತ್ತಿತ್ತು, ಹಬ್ಬದ ದಿನ ಯಾವ ದಾರಿಯಲ್ಲಿ ಮೆರವಣಿಗೆ ಹೊರಡುತ್ತಿತ್ತು, ಪೀಠದ ಬಲಕ್ಕೆ ಏನಿತ್ತು ಎಂದು ಕೇಳಿ ಬರೆದಿಡಿ. ಬರೆದು ನನಗೂ ಒಂದು ಪ್ರತಿ ಕಳುಹಿಸಿ. ಅಕ್ಷರ ತಪ್ಪಿದ್ದರೆ ತಿದ್ದಿಕೊಡುವ ಕೆಲಸ ನನ್ನದು.