ಚಿತ್ರ ನೆಟ್ಟಗೆ, ಹೆಸರು ಕೆಟ್ಟಿತು

ನಾವು ಮೂವತ್ತು ವರ್ಷಕ್ಕೂ ಮಿಕ್ಕು ಹುಡುಗರಿಗೆ ಸಂಧಿ ಬಿಡಿಸುವುದನ್ನು ಕಲಿಸಿದವರು. ನಿವೃತ್ತರಾದ ಮೇಲೆ, ಹಳೆಯ ಮನೆಗಳಲ್ಲಿ ಹುಳು ತಿನ್ನುತ್ತಿರುವ ಹಾಡಿನ ಪುಸ್ತಕಗಳ ಚಿತ್ರಗಳನ್ನು ಕೂಡಿಹಾಕುವ ಹುಚ್ಚು ಹತ್ತಿತು. ಗಣಕಯಂತ್ರದ ಉದ್ಯೋಗದಲ್ಲಿರುವ ನಮ್ಮ ಮಗಳು ಅದಕ್ಕಾಗಿ ಜಾವಾ ಭಾಷೆಯಲ್ಲಿ ಒಂದು ಜಾಲಸೇವೆಯನ್ನು ರಚಿಸಿಕೊಟ್ಟಳು. ಹೆಸರು, ಊರು ಬರೆದು, ಚಿತ್ರವನ್ನು ಜೊತೆಗಿರಿಸಿ ಯಾರು ಬೇಕಾದರೂ ಕಳುಹಿಸಬಹುದು.

ಮೊದಲು ಬಂದುದನ್ನು ತೆರೆದು ನೋಡಿದರೆ, ಹೆಸರು ಇರಬೇಕಾದೆಡೆಯಲ್ಲಿ ಗೀಟು ಚುಕ್ಕೆ ಹೊತ್ತ ಪರದೇಶದ ಅಕ್ಷರಗಳ ಸಂತೆ! ಯಾರದೋ ಕೀಟಲೆಯೆಂದು ಅಳಿಸಿಬಿಡುವುದರಲ್ಲಿದ್ದೆವು. ಚಿತ್ರವಾದರೋ ಸ್ವಚ್ಛವಾಗಿತ್ತು: ಯಾರೋ ತಾಯಿ ಪೆನ್ಸಿಲಿನಲ್ಲಿ ಬರೆದಿಟ್ಟ ಸಂಪ್ರದಾಯದ ಹಾಡಿನ ಒಂದು ಪುಟ. ಕಳುಹಿಸಿದವರಾರೆಂದು ತಿಳಿಯದೆ ಉಳಿದ ಪುಟಗಳನ್ನು ಯಾರಲ್ಲಿ ಬೇಡುವುದು?

ಮಗಳು ವಿವರಿಸಿದಳು. ಹೆಸರೂ ಚಿತ್ರವೂ ಒಂದೇ ಮೂಟೆಯಾಗಿ ಬರುತ್ತವೆ. ಇದಕ್ಕೆ ಮಲ್ಟಿಪಾರ್ಟ್ ಎಂದು ಹೆಸರು. ಈ ಪದ್ಧತಿಯು 1995ರಲ್ಲಿ ಪ್ರಕಟವಾಯಿತು. ಭಾಗಭಾಗಗಳ ನಡುವೆ ಒಂದು ಗಡಿಸಾಲು. ಅದು ಒಳಗಿನ ಸಾಮಗ್ರಿಯಲ್ಲಿ ಎಲ್ಲಿಯೂ ಬರಕೂಡದು. ಕಟ್ಟಕಡೆಯ ಗಡಿಗೆ ಮಾತ್ರ ಬೆನ್ನಿಗೆ ಇನ್ನೆರಡು ಅಡ್ಡಗೆರೆ. ಇದನ್ನು ಕೇಳಿ ನಮಗೆ ನಗು ಬಂದಿತು. ಶ್ಲೋಕಾರ್ಧಕ್ಕೆ ಒಂದು ದಂಡ, ಶ್ಲೋಕಾಂತ್ಯಕ್ಕೆ ಎರಡು. ನಾವು ಕಲಿಸಿದ್ದೂ ಇದನ್ನೇ ಅಲ್ಲವೆ! ಜಾವಾದ ಸರ್ವ್‌ಲೆಟ್ ಎಂಬ ವ್ಯವಸ್ಥೆಯು 2009ರ ಮೂರನೆಯ ಆವೃತ್ತಿಯಿಂದ ಈ ಪದಚ್ಛೇದವನ್ನು ತಾನೇ ಮಾಡುತ್ತದೆ.

ಬಿಡಿಸಿದ ಬಳಿಕ ಚಿತ್ರವನ್ನು ಯಾರೂ ಓದುವುದಿಲ್ಲ. ಅದರ ಬೈಟುಗಳನ್ನು ಇದ್ದಂತೆಯೇ ಇಳಿಸಿಡುವರು. ಹೆಸರನ್ನು ಮಾತ್ರ ಅಕ್ಷರವಾಗಿ ಓದಬೇಕು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಕಕಾರಕ್ಕೆ ಮೂರು ಬೈಟು. ಕ್ರಮ ಯಾವುದೆಂದು ಹೇಳದಿದ್ದರೆ ಸರ್ವ್‌ಲೆಟ್ಟು ಐಎಸ್‌ಒ-8859-1 ಎಂಬ ಪಶ್ಚಿಮ ಯೂರೋಪಿನ ಕ್ರಮವನ್ನು ಹಿಡಿದು, ಬೈಟಿಗೊಂದು ಅಕ್ಷರದಂತೆ ಓದಿಬಿಡುತ್ತದೆ. ಕಕಾರವು ಮೂರು ಚೂರಾಯಿತು!

ತಪ್ಪು ನಮ್ಮ ಮಗಳದೇ. ಕ್ರಮವನ್ನು ಸೂಚಿಸುವ ಸಾಲನ್ನು ಅವಳು ಬರೆದಿದ್ದಳು, ಆದರೆ ಹೆಸರನ್ನು ಓದಿಸಿದ ನಂತರ. ಒಮ್ಮೆ ಓದಿಯಾದ ಮೇಲೆ ಆ ಮಾತಿಗೆ ಬೆಲೆಯಿಲ್ಲವಂತೆ. ಸಾಲನ್ನು ಎತ್ತಿ ಮೇಲಕ್ಕಿಟ್ಟಳು.

“ಅಪ್ಪ, ಹಳೆಯದನ್ನು ಅಳಿಸಬೇಡಿ, ಬೈಟು ಒಂದೂ ಕಳೆದಿಲ್ಲ” ಎಂದು, ಆ ಪರದೇಶದ ಅಕ್ಷರಗಳನ್ನು ಮರಳಿ ಬೈಟುಗಳಾಗಿಸಿ, ಯುಟಿಎಫ್-8ರಲ್ಲಿ ಓದಿಸಿದಳು. ಹೆಸರು ಮೂಡಿತು. ಕಾಗುಣಿತ ತಪ್ಪಿದನೆಂದು ನಾವು ಒಂದಾನೊಂದು ದಿನ ಬೆಂಚಿನ ಮೇಲೆ ನಿಲ್ಲಿಸಿದ್ದ ಶಿಷ್ಯ! ಅಂದೇ ಅವನಿಗೆ ಕಾಗದ ಬರೆದೆವು. ಉಳಿದ ಪುಟಗಳು ಇನ್ನೂ ಬರಬೇಕಾಗಿವೆ.