ಹುತ್ತದ ಬುಡದಲ್ಲಿ

ಮಲೆನಾಡಿನ ನಮ್ಮ ಮನೆಯ ಹಿತ್ತಿಲು ಮುಗಿದು ಸೊಪ್ಪಿನ ಬೆಟ್ಟ ಆರಂಭವಾಗುವ ಕಡೆ ಆಳೆತ್ತರದ ಒಂದು ಹುತ್ತವಿದೆ. ನನ್ನ ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗಲೂ ಅದು ಅಲ್ಲಿತ್ತಂತೆ. ಆರಿದ್ರಾ ಮಳೆ ಹಿಡಿದು, ನಡುರಾತ್ರಿ ಎರಡು ಗುಡುಗು ಗುಡುಗಿದರೆ ಅಜ್ಜಿ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸುತ್ತಿದ್ದಳು. ಗುಡುಗಿಗೆ ಅಣಬೆ ಏಳುತ್ತದೆಂಬುದು ಅವಳ ನಂಬಿಕೆ. ತಡವಾದರೆ ನೆರೆಮನೆಯವರು ಕೊಯ್ದು ಮುಗಿಸಿರುತ್ತಾರೆಂಬುದು ಅವಳ ಅನುಭವ. ಎರಡರಲ್ಲಿ ಯಾವುದು ಹೆಚ್ಚು ನಿಜವೆಂದು ನೀವೇ ಊಹಿಸಬಲ್ಲಿರಿ.

ಹುತ್ತದ ಅಣಬೆಯನ್ನು ಬಲ್ಲವರು ಅದರ ರುಚಿಯನ್ನು ಕೋಳಿಯ ಮಾಂಸಕ್ಕೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಅಣಬೆಗೆ ಅಣಬೆಯದೇ ರುಚಿ. ಆದರೆ ನಾನಿಂದು ಬರೆಯಲು ಕುಳಿತದ್ದು ರುಚಿಯ ಕುರಿತು ಅಲ್ಲ.

ಅಜ್ಜಿ ಕಲಿಸಿದ ಮೊದಲ ಪಾಠ, ಅಣಬೆಯನ್ನು ನೋಡುವ ಮೊದಲು ಅದು ಎದ್ದ ನೆಲವನ್ನು ನೋಡಬೇಕೆಂಬುದು. ಹುತ್ತದ ಬುಡ ಅಥವಾ ಗೆದ್ದಲು ಇರುವ ನೆಲ ಅಲ್ಲದಿದ್ದರೆ ಅವಳು ಬಗ್ಗುತ್ತಲೇ ಇರಲಿಲ್ಲ. ಕೈಯಲ್ಲಿನ ಕೋಲಿನಿಂದ ಮೊದಲು ಹುತ್ತದ ಸುತ್ತ ತಟ್ಟುತ್ತಿದ್ದಳು, ಏಕೆಂದರೆ ಹುತ್ತದ ಬಿಲಗಳಲ್ಲಿ ಬೇರೆ ಒಕ್ಕಲೂ ಇರುವುದುಂಟು. ಅನಂತರ ಟೋಪಿಯ ನೆತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡುವುದು. ಈ ಅಣಬೆ ಗಟ್ಟಿ ಮಣ್ಣನ್ನು ಸೀಳಿಕೊಂಡು ಬರಬೇಕಾದುದರಿಂದ ಅದರ ನೆತ್ತಿ ಮೊನಚಾಗಿ, ಗಡುಸಾಗಿ, ಸ್ವಲ್ಪ ಕಪ್ಪಾಗಿರುತ್ತದೆ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬೇರು. ಕಾಂಡದ ಸುತ್ತಲಿನ ಮಣ್ಣನ್ನು ಸಡಿಲಿಸಿದರೆ ಅದು ಬುಡದಲ್ಲಿ ಮುಗಿಯುವುದಿಲ್ಲ. ಬರುಬರುತ್ತ ಸಪೂರವಾಗಿ, ನಾರುನಾರಾಗಿ, ಮೊಳದುದ್ದ, ಕೆಲವೊಮ್ಮೆ ಅದಕ್ಕೂ ಆಳಕ್ಕೆ ಇಳಿದಿರುತ್ತದೆ. ಬುಡದಲ್ಲಿ ಗಡ್ಡೆಯಂತೆ ಉಬ್ಬಿದ್ದರೆ, ಇಲ್ಲವೇ ಮೊಟ್ಟೆಯ ಒಡೆದ ಚಿಪ್ಪಿನಂತಹ ಚೀಲವಿದ್ದರೆ, ಅದನ್ನು ಅಲ್ಲಿಯೇ ಬಿಟ್ಟು ಕೈ ತೊಳೆಯಬೇಕು.

ಆ ಬೇರು ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ, ಓದಿನಿಂದ. ಗೆದ್ದಲುಗಳು ಒಣ ಸೊಪ್ಪು, ಕಟ್ಟಿಗೆಗಳನ್ನು ಅಗಿದು ತಂದು, ಹುತ್ತದೊಳಗೆ ಸ್ಪಂಜಿನಂತಹ ದಿಂಡುಗಳನ್ನು ಕಟ್ಟಿ, ಅವುಗಳ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಕಟ್ಟಿಗೆಯ ಗಡಸು ಅಂಶವನ್ನು ಶಿಲೀಂಧ್ರವು ಕರಗಿಸಿಕೊಡುತ್ತದೆ. ಗೆದ್ದಲುಗಳು ಅದನ್ನೂ, ಅದರ ಮೇಲೆ ಮೂಡುವ ಬಿಳಿಯ ಕಾಳುಗಳನ್ನೂ ತಿಂದು ಬದುಕುತ್ತವೆ. ಈ ಬೇಸಾಯ ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಎಂಬ ವಿಜ್ಞಾನಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. 1979ರಲ್ಲಿ ನಮ್ಮ ದೇಶದ ಕೆ. ನಟರಾಜನ್ ಅವರು ಭಾರತದ ಒಂದು ಪ್ರಭೇದವನ್ನು ವಿವರಿಸಿ, ಅದಕ್ಕೆ ಹೈಮ್ ಅವರ ಹೆಸರನ್ನೇ ಇಟ್ಟರು. ಮನುಷ್ಯನು ಹುಲ್ಲಿನ ಮೇಲೆ, ಮರದ ಪುಡಿಯ ಮೇಲೆ ಎಷ್ಟೋ ಬಗೆಯ ಅಣಬೆ ಬೆಳೆಸುತ್ತಾನೆ. ಗೆದ್ದಲಿನ ಈ ಬೆಳೆಯನ್ನು ಮಾತ್ರ ತೋಟದ ಬೆಳೆಯನ್ನಾಗಿ ಮಾಡಿಕೊಳ್ಳಲು ಅವನಿಗೆ ಸಾಧ್ಯವಾಗಿಲ್ಲ. ಹುತ್ತವನ್ನು ಅಗೆಯಬಾರದೆಂದು, ಬೇರನ್ನು ಗೇಣುದ್ದಕ್ಕೆ ಮುರಿದುಕೊಳ್ಳಬೇಕೆಂದು, ಕೊನೆಯ ನಾಲ್ಕು ಅಣಬೆಗಳನ್ನು ಕೊಯ್ಯದೆ ಬಿಡಬೇಕೆಂದು ಅಜ್ಜಿ ಹೇಳುತ್ತಿದ್ದಾಗ ಇದೊಂದೂ ಅವಳಿಗೆ ತಿಳಿದಿರಲಿಲ್ಲ.

ಇನ್ನು ನಾನು ಹೇಳಲು ಹಿಂಜರಿಯುತ್ತಿರುವ ಸಂಗತಿಗೆ ಬರುತ್ತೇನೆ. 1976ರ ಮಳೆಗಾಲ, ನನಗೆ ಆಗ ಹದಿನೈದು. ಅಜ್ಜಿ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ನಾನು ದನ ಮೇಯಿಸುವ ಬಯಲಿನಿಂದ ಒಂದು ಬುಟ್ಟಿ ತುಂಬ ಬೆಳ್ಳಗಿನ, ಮುದ್ದಾದ ಅಣಬೆಗಳನ್ನು ಕಿತ್ತು ತಂದೆ. ಹುತ್ತವನ್ನು ನೋಡಲಿಲ್ಲ, ಬೇರನ್ನು ನೋಡಲಿಲ್ಲ. ಅಜ್ಜಿ ಇಲ್ಲದೆಯೂ ನನಗೆ ಎಲ್ಲ ತಿಳಿಯುತ್ತದೆಂದು ತೋರಿಸುವ ಹುಮ್ಮಸ್ಸು. ಅಮ್ಮ ಅನುಮಾನದಿಂದ ನೋಡಿದಳು. ಯಾರೋ ಹೇಳಿದ್ದರೆಂದು ಬೇಯುವ ಪಾತ್ರೆಗೆ ಒಂದು ಬೆಳ್ಳಿಯ ನಾಣ್ಯವನ್ನು ಹಾಕಿದಳು. ಅದು ಕಪ್ಪಾಗಲಿಲ್ಲ. ಬೆಳ್ಳುಳ್ಳಿಯೂ ಬಣ್ಣ ಬದಲಿಸಲಿಲ್ಲ. ಆರು ವರ್ಷದ ನನ್ನ ತಂಗಿ ಎರಡು ಸಲ ಹಾಕಿಸಿಕೊಂಡು ಉಂಡಳು.

ಎರಡು ಗಂಟೆ ಕಳೆಯುವಷ್ಟರಲ್ಲಿ ಮನೆಯವರೆಲ್ಲ ವಾಂತಿ ಮಾಡತೊಡಗಿದೆವು. ದೊಡ್ಡವರು ತಡೆದುಕೊಂಡರು. ತಂಗಿ ಮಾತ್ರ ಹಿಂಡಿದ ಬಟ್ಟೆಯಂತಾದಳು. ಎಸ್ಟೇಟಿನ ಜೀಪು ಸಿಗುವಾಗ ಮಧ್ಯರಾತ್ರಿ ದಾಟಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಏರಿಸಿದ ಮೇಲೆ ಅವಳು ನೀರು ಕೇಳಿದಳು. ಈ ಇಷ್ಟೂ ವರ್ಷಗಳಲ್ಲಿ ಅವಳು ಅಣಬೆಯನ್ನು ಬಾಯಿಗಿಟ್ಟಿಲ್ಲ. ನನ್ನನ್ನು ಆಕ್ಷೇಪಿಸಿದ್ದೂ ಇಲ್ಲ. ಅಮ್ಮನಂತೂ ಆ ನಾಣ್ಯವನ್ನು ತೋಟದ ಕೆರೆಗೆ ಎಸೆದುಬಿಟ್ಟಳು.

ಹಿಂದಿರುಗಿ ಬಂದ ಅಜ್ಜಿ ನನ್ನನ್ನು ಬೈಯಲಿಲ್ಲ. ಮರುದಿನ ಅದೇ ಬಯಲಿಗೆ ಕರೆದೊಯ್ದು, ಅರಳಿ ಹಳತಾಗಿದ್ದ ಒಂದನ್ನು ಕಿತ್ತು ಮಗುಚಿ ತೋರಿಸಿದಳು. ಟೋಪಿಯ ಅಡಿಯ ಪದರಗಳು ಮಾಸಲು ಹಸಿರಾಗಿದ್ದವು. ಎಳೆಯದರಲ್ಲಿ ಅವು ಬೆಳ್ಳಗೇ ಇರುತ್ತವೆ. ಅಲ್ಲಿಯೇ ನಾನು ಮೋಸಹೋದದ್ದು. ಕಾಂಡದಲ್ಲಿ ಬಳೆಯಂತಹ ಉಂಗುರ, ಟೋಪಿಯ ಮೇಲೆ ಕಂದು ಚಕ್ಕೆಗಳು, ಬುಡದಲ್ಲಿ ಉಬ್ಬು. ಬೇರು ಇರಲಿಲ್ಲ.

ವಾಚಕರೇ, ಬೆಳ್ಳಿಯ ನಾಣ್ಯ, ಬೆಳ್ಳುಳ್ಳಿ, ಅರಿಸಿನ, ಹುಳು ತಿಂದ ಗುರುತು ಇವೆಲ್ಲ ಬರಿಯ ಭ್ರಮೆ. ಬೇಯಿಸಿದ ಮಾತ್ರಕ್ಕೆ, ಒಣಗಿಸಿದ ಮಾತ್ರಕ್ಕೆ ವಿಷವು ಹೋಗುತ್ತದೆಂದು ನಂಬುವಂತಿಲ್ಲ. ನಮ್ಮದು ಬೇಗನೆ ವಾಂತಿಯಾಗುವ ಜಾತಿಯಾದುದರಿಂದ ಉಳಿದೆವು. ಪ್ರಾಣ ತೆಗೆಯುವ ಜಾತಿಗಳು ಆರು ಗಂಟೆ, ಕೆಲವೊಮ್ಮೆ ಒಂದು ಹಗಲು ರಾತ್ರಿ ಸುಮ್ಮನಿರುತ್ತವೆ. ವಾಂತಿ ಭೇದಿಯಾಗಿ ನಡುವೆ ವಾಸಿಯಾದಂತೆ ತೋರಿ, ಒಳಗೆ ಯಕೃತ್ತನ್ನು ಕೆಡಿಸುತ್ತವೆ. ಸಂಶಯ ಬಂದರೆ ಕಾಯದೆ, ಉಳಿದ ಅಣಬೆಯ ತುಂಡನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಬಲ್ಲವರೊಬ್ಬರ ಜೊತೆಗೆ ಕೆಲವು ಮಳೆಗಾಲ ನಡೆಯದೆ, ಈ ಬರೆಹವೊಂದನ್ನೇ ನಂಬಿಯಂತೂ ಅಣಬೆ ಕೀಳಬೇಡಿ.

ಹುತ್ತದ ಅಣಬೆ ಒಂದೇ ದಿನದಲ್ಲಿ ಹುಳ ಬಿದ್ದು ಕೆಡುತ್ತದೆ. ಏಳುವುದೋ ಬಿಸಿಲಿಲ್ಲದ ತಿಂಗಳಲ್ಲಿ. ಆದುದರಿಂದ ಅಜ್ಜಿ ಬೇರಿನ ಕಪ್ಪು ಸಿಪ್ಪೆಯನ್ನು ಹೆರೆದು, ಉಪ್ಪುನೀರಿನಲ್ಲಿ ಮಣ್ಣು ಹೋಗುವಂತೆ ತೊಳೆದು, ಕೈಯಿಂದಲೇ ಉದ್ದಕ್ಕೆ ಸೀಳಿ, ದಾರಕ್ಕೆ ಪೋಣಿಸಿ ಒಲೆಯ ಮೇಲೆ ಹೊಗೆ ಆಡುವಲ್ಲಿ ಕಟ್ಟುತ್ತಿದ್ದಳು. ಮುರಿದರೆ ಹಪ್ಪಳದಂತೆ ಟಪ್ಪೆನ್ನಬೇಕು. ಬಾಗಿದರೆ ಇನ್ನೂ ಒಣಗಿಲ್ಲವೆಂದು ಅರ್ಥ. ಅನಂತರ ಡಬ್ಬಿಗೆ. ಡಿಸೆಂಬರಿನಲ್ಲಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಮನೆಯಲ್ಲೆಲ್ಲ ಮಳೆಗಾಲದ ವಾಸನೆ. ಈಗ ಗ್ಯಾಸ್ ಒಲೆಯ ಮನೆಯಲ್ಲಿ ಹೊಗೆಯೆಲ್ಲಿ? ನನ್ನ ಹೆಂಡತಿ ಅಡಿಕೆ ಒಣಗಿಸುವ ಗೂಡಿನ ಬದಿಯಲ್ಲಿ ಹರಡುತ್ತಾಳೆ, ಉಳಿದುದನ್ನು ಬೇಯಿಸಿ ವಿನೆಗರ್ ಹಾಕಿ ಉಪ್ಪಿನಕಾಯಿ ಮಾಡುತ್ತಾಳೆ. ಹುಳಿಯಿಲ್ಲದೆ ಬರಿಯ ಎಣ್ಣೆಯಲ್ಲಿ ಮುಳುಗಿಸಿಟ್ಟ ಅಣಬೆಯಲ್ಲಿ ಕಣ್ಣಿಗೆ ಕಾಣದ ವಿಷ ಹುಟ್ಟುವ ಅಪಾಯವಿದೆ. ವಿನೆಗರಿನಲ್ಲಿ ಜಿಪುಣತನ ಮಾಡಬಾರದು.

ಕಳೆದ ವರ್ಷ ಬೆಂಗಳೂರಿನಲ್ಲಿರುವ ಮಗ ರಜೆಗೆ ಬಂದಾಗ ಕಾರು ಅಂಗಳಕ್ಕೆ ಬರುವಂತೆ ದಾರಿ ಅಗಲಿಸಬೇಕೆಂದ. ಹುತ್ತವು ಆ ದಾರಿಯ ನಟ್ಟನಡುವೆ ಬರುತ್ತದೆ. ಅವನ ಮಾತು ತಪ್ಪೆನ್ನಲಾರೆ. ಮೊಣಕಾಲು ನೋವಿನ ತಾಯಿಯನ್ನು ಮಳೆಯಲ್ಲಿ ರಸ್ತೆಯವರೆಗೆ ನಡೆಸುವುದು ಅವನಿಗೂ ಸಂಕಟ. ಸೋಮವಾರಕ್ಕೆ ಜೆಸಿಬಿ ಬರುವುದೆಂದು ಗೊತ್ತಾಯಿತು. ನಾನು ಏನೂ ಹೇಳಲಿಲ್ಲ.

ಶನಿವಾರ ಬೆಳಗಿನ ಜಾವ ಅಣಬೆ ಎದ್ದಿತು. ಒಂಬತ್ತು ವರ್ಷದ ಮೊಮ್ಮಗಳನ್ನು ಎಬ್ಬಿಸಿ ಕರೆದೊಯ್ದೆ. ಕೋಲು ತಟ್ಟಿದಳು, ನೆತ್ತಿ ಮುಟ್ಟಿದಳು, ಬೇರಿನ ಸುತ್ತಲಿನ ಮಣ್ಣನ್ನು ಬೆರಳಿನಿಂದಲೇ ಬಿಡಿಸಿದಳು. ರಾತ್ರಿ ಒಂದು ಟೋಪಿಯನ್ನು ಕಾಗದದ ಮೇಲೆ ಕವುಚಿ, ಮೇಲೆ ಬಟ್ಟಲು ಮುಚ್ಚಿಟ್ಟೆವು. ಭಾನುವಾರ ಬೆಳಿಗ್ಗೆ ತೆಗೆದು ನೋಡಿದರೆ ಕಾಗದದ ಮೇಲೆ ನಸುಗೆಂಪು ಪುಡಿಯ ಗೆರೆಗಳು, ಚಕ್ರದ ಕಡ್ಡಿಗಳಂತೆ. ಅವಳು ಅದನ್ನು ಉಸಿರು ಬಿಗಿಹಿಡಿದು ಒಯ್ದು ತಂದೆಗೆ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಹೊರಗೆ ಹೋಗಿ ಹುತ್ತದಿಂದ ಬೇಲಿಯವರೆಗೆ ಹೆಜ್ಜೆಯಿಂದ ಅಳೆಯತೊಡಗಿದ.

ದಾರಿ ಇನ್ನೂ ಆಗಿಲ್ಲ. ಬೇಲಿಯ ಕಡೆಯಿಂದ ತಿರುಗಿಸಿದರೆ ಹನ್ನೆರಡು ಅಡಿಕೆ ಮರಗಳು ಹೋಗುತ್ತವೆ. ಅದರ ಲೆಕ್ಕ ಈಗಲೂ ನಮ್ಮಿಬ್ಬರ ನಡುವೆ ನಡೆಯುತ್ತಿದೆ.